ಎಸ್9 ಗದ್ದಲದ ಮೂಲ ಹುಡುಕೋದು: ಹ್ಯಾಮ್‌ಗಳಿಗೆ ನಾಯ್ಸ್ ಬೇಟೆಯ ಪೂರ್ತಿ ಗೈಡ್

ಹ್ಯಾಮ್ ಅಂದ್ರೆ ಲೈಸೆನ್ಸ್ ತಗೊಂಡು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋರು, ನಾನೂ ಒಬ್ಬ. ಬೆಳಗ್ಗೆ 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡಲ್ಲಿ ಕೂತ್ರೆ ಶಿವಮೊಗ್ಗದವ್ರು, ಕೊಚ್ಚಿಯವ್ರು, ಹೈದರಾಬಾದಿನವ್ರು ಎಲ್ಲಾ ಒಬ್ರಿಗೊಬ್ರು ಫೈವ್ ನೈನ್ (ಜೋರಾಗಿ, ಸ್ಪಷ್ಟವಾಗಿ ಕೇಳ್ತಿದೆ ಅಂತ) ಕೊಟ್ಕೊಂಡು ಕಾಫಿ ಕುಡೀತಾ ಮಾತಾಡ್ತಿರ್ತಾರೆ, ನನ್ ಸ್ಪೀಕರಲ್ಲಿ ಮಾತ್ರ ಝುಂಯ್ ಅಂತ ಒಂದೇ ಸಮನೆ ಸದ್ದು, ಸಿಗ್ನಲ್ ಎಷ್ಟು ಜೋರು ಅಂತ ತೋರಿಸೋ ಎಸ್ ಮೀಟರ್ ಮುಳ್ಳು ಎಸ್9ಗೆ ಅಂಟ್ಕೊಂಡು ಕೆಳಗಿಳಿಯೋದೇ ಇಲ್ಲ. ಅವ್ರು ನನ್ನ ಕರೀತಿದ್ರೂ ನನಗೆ ಕೇಳಲ್ಲ, ನಾನು ಅವ್ರ ಮೇಲೇ ಮತ್ತೆ ಸಿಕ್ಯೂ (ಯಾರಾದ್ರೂ ಇದ್ದೀರಾ ಅನ್ನೋ ಕರೆ) ಕೂಗ್ತಿದ್ದೆ, ಪಾಪ ಎಷ್ಟು ಬೈಕೊಂಡ್ರೋ. ಹೀಗೇ ಎಂಟು ತಿಂಗಳು ಹೋಯ್ತು. ಆ ಎಂಟು ತಿಂಗಳಲ್ಲಿ ಡೈಪೋಲ್ ಆಂಟೆನಾ ಹೊಸದು ಕಟ್ಟಿದೆ, ಅದರಿಂದ ರೇಡಿಯೋಗೆ ಬರೋ ಕೋಆಕ್ಸ್ ಕೇಬಲ್ ಬದಲಾಯಿಸಿದೆ, ಅರ್ಥಿಂಗ್‌ಗೆ ಗುಂಡಿ ತೋಡಿಸಿ ಇದ್ದಿಲು ಉಪ್ಪು ಹಾಕ್ಸಿದೆ, ದುಡ್ಡು ನೀರಾಯ್ತು, ಮುಳ್ಳು ಅಲ್ಲೇ.

ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ನಮ್ಮನೆ ದೇವರಮನೇಲಿ. ಫೋಟೋಗಳ ಸುತ್ತ ಸುತ್ತಿದ್ದ ಎಲ್‌ಇಡಿ ದೀಪದ ಸರ, ಅದಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಅಡಾಪ್ಟರ್, ಹಬ್ಬಕ್ಕೆ ಅಂತ ಹಾಕಿದ್ದು ಅಮ್ಮ ಆಮೇಲೆ ಆಫೇ ಮಾಡಿರ್ಲಿಲ್ಲ, ಹಗಲು ರಾತ್ರಿ ಉರೀತಾನೇ ಇತ್ತು. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ ಹಾಗೆ. ಅದಕ್ಕೇ ಇಲ್ಲಿ ಬರೀತಿರೋದ್ರಲ್ಲಿ ಒಂದೇ ಒಂದು ಮಾತು ತಗೊಳ್ಳೋದಾದ್ರೆ ಇದನ್ನ ತಗೊಳ್ಳಿ, ಏನಾದ್ರೂ ಕೊಂಡ್ಕೊಳ್ಳೋ ಮೊದ್ಲು ನಿಮ್ಮನೇದು ಪೂರ್ತಿ ಆಫ್ ಮಾಡಿ ಕೇಳಿ.

ಮೊದ್ಲು, ಇದು ಲೋಕಲ್ ನಾಯ್ಸೇನಾ?

ಎಲ್ಲಾ ಗದ್ದಲಕ್ಕೂ ಪಕ್ಕದ ಮನೆಯವ್ರು ಕಾರಣ ಅಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಸಂಜೆ ಎಲ್ಲೋ ನೂರಾರು ಕಿಲೋಮೀಟರ್ ದೂರ ಗುಡುಗು ಮಿಂಚು ಆಗ್ತಿದ್ರೂ 80 ಮತ್ತೆ 40 ಮೀಟರಲ್ಲಿ ಚಟಪಟ ಅಂತ ಒಡೀತಿರತ್ತೆ, ಅದು ಕ್ಯೂಆರ್‌ಎನ್, ಅಂದ್ರೆ ಪ್ರಕೃತಿಯ ಗದ್ದಲ, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ. ಕೆಲವು ಸಲ ಟಕಟಕಟಕ ಅಂತ ಬ್ಯಾಂಡಿನ ದೊಡ್ಡ ಭಾಗವನ್ನೇ ಆಕ್ರಮಿಸ್ಕೊಳ್ಳೋದು ಯಾವ್ದೋ ದೇಶದ ರೇಡಾರ್ ಆಗಿರತ್ತೆ. ಅನುಮಾನ ಬಂದ್ರೆ ಇಂಟರ್ನೆಟ್ಟಲ್ಲಿ ಸಿಗೋ ಕಿವಿಎಸ್‌ಡಿಆರ್ ಥರದ ದೂರದ ರಿಸೀವರ್ ಒಂದು ತೆರೆದು ಅದೇ ಫ್ರೀಕ್ವೆನ್ಸಿ ಕೇಳಿ, ನೂರಾರು ಮೈಲಿ ಆಚೆ ಇರೋ ರಿಸೀವರಲ್ಲೂ ಅದೇ ಸದ್ದು ಬಂದ್ರೆ ನಿಮ್ಮ ಬೀದಿ ಸುತ್ತೋದು ವೇಸ್ಟ್.

ಆಮೇಲೆ ರಿಗ್ (ನಮ್ಮ ರೇಡಿಯೋ ಸೆಟ್ಟು) ಹಿಂದೆ ಕೋಆಕ್ಸ್ ಬಿಚ್ಚಿ ನೋಡಿ, ಡಮ್ಮಿ ಲೋಡ್ (ಆಂಟೆನಾ ಬದಲು ಹಾಕೋ ರೆಸಿಸ್ಟರ್) ಇದ್ರೆ ಅದನ್ನ ಹಾಕಿ. ನಾಯ್ಸ್ ಪೂರ್ತಿ ಸತ್ತೋದ್ರೆ ಅದು ಆಂಟೆನಾ ದಾರೀಲಿ ಬರ್ತಿದೆ. ಹಾಗೇ ಉಳಿದ್ರೆ ರಿಗ್ ಒಳಗಿದೆ ಅಥವಾ ಪವರ್ ಸಪ್ಲೈ ತಪ್ಪು. ನಮ್ಮಲ್ಲಿ ಸುಮಾರು ಜನ ಎಲ್‌ಇಡಿ ಬೋರ್ಡ್‌ಗೆ ಹಾಕೋ ತೂತುತೂತಿನ ಡಬ್ಬದ 12 ವೋಲ್ಟ್ 30 ಆಂಪ್ ಸಪ್ಲೈ ತಂದು, ಒಳಗಿನ ಪ್ರೀಸೆಟ್ ತಿರುಗಿಸಿ 13.8ಕ್ಕೆ ಏರಿಸ್ಕೊಂಡು ನಡೆಸ್ತಾರೆ, ನಾನೂ ನಡೆಸಿದೀನಿ, ಕಮ್ಮಿ ರೇಟು ಗಟ್ಟಿಮುಟ್ಟು ಎಲ್ಲಾ ನಿಜ, ಆದ್ರೆ ಅದು ರೇಡಿಯೋಗೆ ಅಂತ ಮಾಡಿದ್ದಲ್ಲ.

ಇನ್ನೊಂದು, ಅಳತೆ ಒಂದೇ ಥರ ಇರ್ಲಿ. ಒಂದು ಖಾಲಿ ಫ್ರೀಕ್ವೆನ್ಸಿ ಆರಿಸ್ಕೊಳ್ಳಿ, ಪ್ರೀಆಂಪ್ ಆಫ್, ಫಿಲ್ಟರ್ ಅಗಲ ಒಂದೇ, ದಿನಾ ಅದೇ. ಎಸ್9 ಅಂದ್ರೆ 50 ಮೈಕ್ರೋವೋಲ್ಟ್, ಒಂದೊಂದು ಎಸ್ ಯೂನಿಟ್‌ಗೆ 6 ಡಿಬಿ (ಡೆಸಿಬೆಲ್) ಅನ್ನೋದು ಪುಸ್ತಕದ ಲೆಕ್ಕ, ನಮ್ಮ ರಿಗ್‌ಗಳ ಮೀಟರ್ ಕೆಳಗಿನ ಭಾಗದಲ್ಲಿ ಅಷ್ಟು ಸತ್ಯಸಂಧ ಅಲ್ಲ. ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್ ಅಥವಾ ಟೈನಿಎಸ್‌ಎ ಇದ್ರೆ ಡಿಬಿ ಲೆಕ್ಕ ಸಿಗತ್ತೆ, ಟೈಮ್ ಹೋದ ಹಾಗೆ ಸಿಗ್ನಲ್‌ಗಳ ಜಾಡು ಬಿಡಿಸೋ ವಾಟರ್‌ಫಾಲೂ ಕಾಣತ್ತೆ. ಇಲ್ದಿದ್ರೆ ಮೀಟರೇ ಸಾಕು.

ಮೇನ್ ಆಫ್ ಟೆಸ್ಟ್

ರಿಗ್‌ನ ಕರೆಂಟಿಂದ ಬಿಚ್ಚಿ ಬ್ಯಾಟರಿಯಲ್ಲಿ ನಡೆಸಿ. ಬರೀ ಕೇಳೋಕೆ 7 ಆಂಪ್ ಅವರ್ ಸಣ್ಣ ಬ್ಯಾಟರಿ ಸಾಕು, ಕಾರಿಂದು ಆದ್ರೂ ಆಗತ್ತೆ. ನಾಯ್ಸ್ ಎಷ್ಟಿದೆ ಬರ್ಕೊಳ್ಳಿ. ಈಗ ಮೀಟರ್ ಬೋರ್ಡ್ ಹತ್ರ ಮೇನ್ ಸ್ವಿಚ್ ಆಫ್ ಮಾಡಿ.

ಇಲ್ಲೇ ನಮ್ಮೋರು ಎಡವೋದು. ಮೇನ್ ಆಫ್ ಆದ ತಕ್ಷಣ ಮನೆ ಯುಪಿಎಸ್ ಟಕ್ ಅಂತ ಶುರುವಾಗತ್ತೆ, ಅರ್ಧ ಮನೆ ಲೈಟು ಫ್ಯಾನು ವೈಫೈ ಎಲ್ಲಾ ಮುಂಚಿನ ಹಾಗೇ ಓಡ್ತಿರತ್ತೆ, ಜೊತೆಗೆ ಆ ಇನ್ವರ್ಟರ್ ತನ್ನದೇ ಒಂದು ಗುಂಯ್‌ಗುಟ್ಟೋ ಗದ್ದಲ ಸೇರಿಸತ್ತೆ, ಕೆಲವು ಸಲ ಮೊದ್ಲಿಗಿಂತ ಜಾಸ್ತಿ, ಆಗ ಇವ್ರು "ಮೇನ್ ಆಫ್ ಮಾಡಿದ್ರೂ ನಾಯ್ಸ್ ಇದೆ, ಅಂದ್ರೆ ಹೊರಗಿಂದು" ಅಂತ ತೀರ್ಮಾನ ಮಾಡ್ಬಿಡ್ತಾರೆ. ಆದ್ರಿಂದ ಯುಪಿಎಸ್ ಮುಂದಿನ ಸ್ವಿಚ್ಚನ್ನೂ ಆಫ್ ಮಾಡಿ, ಮನೆ ನಿಜವಾಗ್ಲೂ ಕತ್ತಲಾಗ್ಬೇಕು. ಲ್ಯಾಪ್‌ಟಾಪ್, ಎಮರ್ಜೆನ್ಸಿ ಲ್ಯಾಂಪ್, ಬ್ಯಾಟರಿ ಮೇಲೆ ನಡೆಯೋದು ಏನಿದ್ರೂ ಅದೂ ಆಫ್. ಮನೆಯವ್ರಿಗೆ ಮೊದ್ಲೇ ಹೇಳಿರಿ, ಸೀರಿಯಲ್ ಟೈಮಲ್ಲಿ ಮಾಡಿದ್ರೆ ಆಮೇಲಿನ ಇಂಟರ್‌ಫಿಯರೆನ್ಸ್‌ಗೆ ಈ ಗೈಡಲ್ಲಿ ಪರಿಹಾರ ಇಲ್ಲ.

ಎಸ್9 ಇದ್ದಿದ್ದು ಎಸ್4ಕ್ಕೆ ಬಿದ್ರೆ ಕಳ್ಳ ಮನೇಲೇ ಇದ್ದಾನೆ. ಕದಲದೇ ಇದ್ರೆ ಹೊರಗಡೆ. ಸ್ವಲ್ಪ ಮಾತ್ರ ಇಳಿದ್ರೆ ಎರಡೂ ಕಡೆ ಇದೆ, ಹೆಚ್ಚಿನ ಸಲ ಇದೇ ಆಗೋದು. ಮಹಡಿ ಮೇಲೆ ಸೋಲಾರ್ ಪ್ಯಾನಲ್ ಇದ್ರೆ ಹಗಲು ಒಂದ್ಸಲ ರಾತ್ರಿ ಒಂದ್ಸಲ ಟೆಸ್ಟ್ ಮಾಡಿ, ಸೂರ್ಯ ಮುಳುಗಿದ್ಮೇಲೆ ನಾಯ್ಸ್ ತಾನಾಗೇ ಹೋದ್ರೆ ಉತ್ತರ ಸಿಕ್ಕಹಾಗೆ.

ಏರಿಯಾ ಪೂರ್ತಿ ಕರೆಂಟ್ ಹೋಗತ್ತಲ್ಲ, ಅದು ನಮಗೆ ಫ್ರೀಯಾಗಿ ಸಿಗೋ ಟೆಸ್ಟು. ಕರೆಂಟ್ ಹೋದ ಕೂಡಲೇ ರಿಗ್ ಆನ್ ಮಾಡೋ ಅಭ್ಯಾಸ ಮಾಡ್ಕೊಳ್ಳಿ. ಕರೆಂಟ್ ಇಲ್ದಾಗ ಶುರುವಾಗೋ ಸದ್ದು ಯಾರದ್ದೋ ಯುಪಿಎಸ್ ಇನ್ವರ್ಟರ್, ಕರೆಂಟ್ ಬಂದಮೇಲೆ ಎರಡು ಮೂರು ಗಂಟೆ ಇದ್ದು ಆಮೇಲೆ ನಿಧಾನಕ್ಕೆ ಕಮ್ಮಿ ಆಗೋದು ಅದೇ ಯುಪಿಎಸ್‌ನ ಚಾರ್ಜರ್.

ಒಂದೊಂದೇ ಆಫ್ ಮಾಡ್ಬೇಡಿ, ಎಲ್ಲಾ ಆಫ್ ಮಾಡಿ ಒಂದೊಂದೇ ಆನ್ ಮಾಡಿ

ಇದು ನನಗೆ ಎಂಟು ತಿಂಗಳು ಗೊತ್ತಾಗದೇ ಇದ್ದ ವಿಷಯ, ಸ್ವಲ್ಪ ನಿಧಾನಕ್ಕೆ ಓದಿ.

ಎಲ್ಲರೂ ಮಾಡೋದೇನು, ಫ್ರಿಜ್ ಆಫ್ ಮಾಡ್ತಾರೆ, ಮೀಟರ್ ನೋಡ್ತಾರೆ, ಬದಲಾಗ್ಲಿಲ್ಲ, ಮತ್ತೆ ಆನ್ ಮಾಡ್ತಾರೆ. ರೂಟರ್ ಆಫ್, ಬದಲಾಗ್ಲಿಲ್ಲ, ಆನ್. ಹೀಗೆ ಮನೆಯೆಲ್ಲಾ ಸುತ್ತಿ "ನಮ್ಮನೇಲಿ ಏನೂ ಇಲ್ಲ" ಅಂತ ಸರ್ಟಿಫಿಕೇಟ್ ಕೊಟ್ಕೋತಾರೆ. ಆದ್ರೆ ನಾಯ್ಸ್ ಕೂಡೋದು ಪವರ್ ಲೆಕ್ಕದಲ್ಲಿ, ಮೀಟರ್ ತೋರ್ಸೋದು ಡಿಬಿ ಲೆಕ್ಕದಲ್ಲಿ. ಒಂದು ಅಡಾಪ್ಟರ್ ಎಸ್9 ಕೊಡ್ತಿದೆ, ಇನ್ನೊಂದು ಎಸ್8 ಕೊಡ್ತಿದೆ ಅಂದ್ಕೊಳ್ಳಿ. ಎರಡೂ ಸೇರಿದ್ರೆ ಎಸ್9ಗಿಂತ ಬರೀ 1 ಡಿಬಿ ಮೇಲೆ. ಆ ಎಸ್8ರದ್ದನ್ನ ಮಾತ್ರ ಆಫ್ ಮಾಡಿದ್ರೆ ಮುಳ್ಳು ಒಂದು ಕೂದಲೆಳೆಯಷ್ಟು ಅಲ್ಲಾಡತ್ತೆ, ನಿಮ್ಮ ಕಣ್ಣಿಗೆ ಕಾಣೋದೇ ಇಲ್ಲ, ಆದ್ರೆ ಅದೂ ದೊಡ್ಡ ಕಳ್ಳನೇ. ಎರಡು ಸರಿಸಮ ಇದ್ರಂತೂ ಯಾವ್ದೇ ಒಂದನ್ನ ತೆಗೆದ್ರೂ ಇಳಿಯೋದು 3 ಡಿಬಿ, ಅರ್ಧ ಎಸ್ ಯೂನಿಟ್ಟು. ಗುಂಪಲ್ಲಿ ಹತ್ತು ಜನ ಕಿರುಚ್ತಿರೋವಾಗ ಒಬ್ಬನ ಬಾಯಿ ಮುಚ್ಚಿಸಿದ್ರೆ ಏನು ಗೊತ್ತಾಗತ್ತೆ.

ಹಾಗಾಗಿ ಎಲ್ಲಾ ಆಫ್ ಇರೋ ಕತ್ತಲೆ ಮನೆಯಿಂದ ಶುರು ಮಾಡಿ ಉಲ್ಟಾ ಬನ್ನಿ. ಮೇನ್ ಆನ್, ಆದ್ರೆ ಒಳಗಿನ ಎಂಸಿಬಿ ಎಲ್ಲಾ ಕೆಳಗೆ, ಸಾಕೆಟ್‌ಗಳಿಂದ ಪ್ಲಗ್ ಎಲ್ಲಾ ಕಿತ್ತು. ಒಂದೊಂದೇ ಎಂಸಿಬಿ ಎತ್ತಿ, ಒಂದೊಂದೇ ಪ್ಲಗ್ ಹಾಕಿ, ಪ್ರತಿ ಸಲ ಮೀಟರ್ ನೋಡಿ ಬರ್ಕೊಳ್ಳಿ. ಸೈಲೆಂಟ್ ಮನೇಲಿ ಎಸ್5 ಕೊಡೋ ಸಣ್ಣ ಚಾರ್ಜರ್ ಕೂಡ ಸಿಕ್ಕಿಹಾಕ್ಕೊಳ್ಳತ್ತೆ. ಗದ್ದಲ ಮಾಡೋದು ಸಿಕ್ಕಿದ್ರೆ ಅದಕ್ಕೆ ಕೆಂಪು ಟೇಪ್ ಅಂಟಿಸಿ, ಕಿತ್ತು ಪಕ್ಕಕ್ಕಿಡಿ, ಮುಂದಿನದಕ್ಕೆ ಹೋಗಿ. ಗೋಡೆ ಸ್ವಿಚ್ ಆಫ್ ಮಾಡೋದು ಸಾಲಲ್ಲ, ಪ್ಲಗ್ ಕೀಳಿ, ಯಾಕಂದ್ರೆ ವೈರಿಂಗ್ ಮಾಡಿದವ್ನು ಸ್ವಿಚ್ಚನ್ನ ನ್ಯೂಟ್ರಲ್‌ಗೆ ಹಾಕಿರೋ ಮನೆಗಳೂ ಇವೆ.

ನಮ್ಮನೇಲಿ ಟೇಪ್ ಬಿದ್ದಿದ್ದು ಐದಕ್ಕೆ. ದೇವರಮನೆ ಸರ, ಆರ್‌ಓ ಫಿಲ್ಟರಿನ 24 ವೋಲ್ಟ್ ಅಡಾಪ್ಟರ್, ಸಿಸಿಟಿವಿ ಸಪ್ಲೈ, ಬಾತ್ರೂಮಿನ ಒಂದು ಎಲ್‌ಇಡಿ ಬಲ್ಬು, ಮತ್ತೆ ಮಗನ ರೂಮಿನ ಬಿಎಲ್‌ಡಿಸಿ ಫ್ಯಾನು. ಒಂದೇ ಪ್ಯಾಕೆಟ್ಟಲ್ಲಿ ತಂದ ಇನ್ನೊಂದು ಬಲ್ಬು ಪೂರ್ತಿ ಸೈಲೆಂಟ್ ಇತ್ತು, ಅದು ಹೇಗೋ ಆ ಭಗವಂತನಿಗೇ ಗೊತ್ತು.

ಸದ್ದು ಕೇಳಿ ಆಳು ಹೇಳೋದು

ಸ್ವಲ್ಪ ದಿನ ಆದ್ಮೇಲೆ ಸದ್ದಿನ ಮೇಲೇ ಗೊತ್ತಾಗೋಕೆ ಶುರುವಾಗತ್ತೆ. ರಿಗ್‌ನ ಎಎಂ ಮೋಡ್‌ಗೆ ಹಾಕಿ ಕೇಳಿ, ಎಸ್‌ಎಸ್‌ಬಿಗಿಂತ ಸ್ಪಷ್ಟ.

ಬ್ಯಾಂಡಲ್ಲಿ ಮೇಲೆ ಕೆಳಗೆ ತಿರುಗಿಸ್ತಾ ಹೋದ ಹಾಗೆ 50, 60, 100 ಕಿಲೋಹರ್ಟ್ಸ್‌ಗೆ ಒಂದರಂತೆ ಗುಡ್ಡ ಎದ್ದು ಇಳಿದು ಎದ್ದು ಇಳಿದು ಬಂದ್ರೆ ಅದು ಎಸ್‌ಎಂಪಿಎಸ್. ಎಸ್‌ಎಂಪಿಎಸ್ ಅಂದ್ರೆ ಅಡಾಪ್ಟರ್, ಚಾರ್ಜರ್ ಒಳಗಿರೋ ಸ್ವಿಚಿಂಗ್ ಪವರ್ ಸಪ್ಲೈ. ಆ ಅಂತರ ಅಂದ್ರೆ ಅದರ ಸ್ವಿಚಿಂಗ್ ಫ್ರೀಕ್ವೆನ್ಸಿ, 7 ಮೆಗಾಹರ್ಟ್ಸಲ್ಲಿ ನಾವು ಕೇಳ್ತಿರೋದು ಅದರ ನೂರನೇ ಹಾರ್ಮೋನಿಕ್ (ನೂರು ಪಟ್ಟು ಫ್ರೀಕ್ವೆನ್ಸಿ) ಥರ. ಬಿಸಿ ಆದ ಹಾಗೆ ಗುಡ್ಡ ಜಾರ್ತಾ ಹೋಗತ್ತೆ, ವಾಟರ್‌ಫಾಲಲ್ಲಿ ಹಾವು ಹರಿದ ಹಾಗೆ ಕಾಣತ್ತೆ. ಎರಡು ಹಾವು ಕಂಡ್ರೆ ಎರಡು ಅಡಾಪ್ಟರ್. ಅಂತರ ಬರೆದಿಟ್ಕೊಳ್ಳಿ, ಅದೇ ಅದರ ಬೆರಳಚ್ಚು.

ಗರಗರಗರ ಅಂತ ಒರಟಾಗಿ, ಬ್ಯಾಂಡ್ ತುಂಬಾ ಒಂದೇ ಮಟ್ಟದಲ್ಲಿ ಇದ್ರೆ ಅದು ಕಿಡಿ. ನಮ್ಮ ಕರೆಂಟು 50 ಹರ್ಟ್ಸ್, ಪ್ರತಿ ಅರ್ಧ ಸೈಕಲ್ಲಿಗೂ ಒಂದ್ಸಲ ಕಿಡಿ ಹಾರತ್ತೆ, ಹಾಗಾಗಿ ಸೆಕೆಂಡಿಗೆ 100 ಸಲ. ಲೈನಿನ ಕಂಬ, ಲೂಸ್ ಆದ ಪ್ಲಗ್ಗು, ಸುಟ್ಟ ಸ್ವಿಚ್ಚು ಯಾವ್ದಾದ್ರೂ ಆಗ್ಬೋದು. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರೂ ಹೀಗೇ ಕೇಳತ್ತೆ, ಆದ್ರೆ ನಾಬ್ ತಿರುಗಿಸಿದ್ರೆ ಸದ್ದು ಬದಲಾಗತ್ತೆ, ಅಲ್ಲೇ ಸಿಕ್ಕಿಬೀಳತ್ತೆ. ಹಳೇ ಕಾಲದ ದೊಡ್ಡ ಡಬ್ಬದ ರೆಗ್ಯುಲೇಟರಲ್ಲಿ ಈ ರಗಳೆ ಇರ್ಲಿಲ್ಲ.

ಸೆಕೆಂಡಿಗೆ ಒಂದು ಸಲ ಟಕ್... ಟಕ್... ಅಂದ್ರೆ ಸೋಲಾರ್ ಬೇಲಿ, ಮಲೆನಾಡು ಕೊಡಗು ಕಡೆ ಆನೆ ಹಂದಿಗೆ ಹಾಕಿರ್ತಾರಲ್ಲ ಅದು. ಬೇಲಿ ಚೆನ್ನಾಗಿದ್ರೆ ಅಷ್ಟು ಸದ್ದು ಬರಲ್ಲ, ಬಳ್ಳಿ ಹಬ್ಬಿ ತಂತಿಗೆ ತಾಗಿದ್ರೆ ಅಥವಾ ಇನ್ಸುಲೇಟರ್ ಒಡೆದಿದ್ರೆ ಅಲ್ಲಿ ಕಿಡಿ ಹಾರಿ ಟಕ್ ಅನ್ನತ್ತೆ, ತೋಟದ ಯಜಮಾನರಿಗೆ ಹೇಳಿದ್ರೆ ಅವ್ರಿಗೇ ಲಾಭ, ಬೇಲಿ ಪವರ್ ಸೋರ್ತಿದೆ ಅಂತ ಗೊತ್ತಾಗತ್ತೆ. 14.030 ಮೆಗಾಹರ್ಟ್ಸಲ್ಲಿ ಅಲ್ಲಾಡ್ದೇ ನಿಂತಿರೋ ಒಂದು ಸಿಳ್ಳೆ ಇದ್ರೆ ಅದು ಲ್ಯಾನ್ ಕೇಬಲ್ದು, ಸಿಡಬ್ಲ್ಯೂನವ್ರಿಗೆ (ಮೋರ್ಸ್ ಕೋಡಲ್ಲಿ ಮಾತಾಡೋರಿಗೆ) ಇದು ಹಳೇ ಪರಿಚಯ. ಸಂಜೆ ಬೀದಿದೀಪದ ಟೈಮಿಗೆ ಶುರುವಾಗಿ ಬೆಳಗಾಗ್ತಿದ್ದ ಹಾಗೆ ಹೋಗೋದು ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಹಾಗಾಗಿ ಟೈಮ್ ಬರೆಯೋದು ಮುಖ್ಯ, ಒಂದು ವಾರ ನೋಟ್‌ಬುಕ್ಕಲ್ಲಿ ಗಂಟೆ, ಮೀಟರ್ ರೀಡಿಂಗ್, ಮಳೆ ಬಿಸಿಲು ಬರೀರಿ.

ಪಾಕೆಟ್ ರೇಡಿಯೋ ಹಿಡ್ಕೊಂಡು ಓಡಾಟ

ದುಬಾರಿ ಸಾಮಾನು ಏನೂ ಬೇಡ, ಮೀಡಿಯಂ ವೇವ್ ಇರೋ ಹಳೇ ಟ್ರಾನ್ಸಿಸ್ಟರ್ ಸಾಕು. ಸ್ಟೇಷನ್ ಇಲ್ಲದ ಜಾಗಕ್ಕೆ ಟ್ಯೂನ್ ಮಾಡಿ, 1500 ಕಿಲೋಹರ್ಟ್ಸ್ ಆಸುಪಾಸು ಹಗಲು ಹೊತ್ತು ಖಾಲಿ ಸಿಗತ್ತೆ, ಬೆಂಗಳೂರಿನ 612, ಭದ್ರಾವತಿಯ 675, ಧಾರವಾಡದ 765 ಹತ್ರ ಹೋಗ್ಬೇಡಿ. ಅಡಾಪ್ಟರ್ ಹತ್ರ ಹಿಡಿದ ತಕ್ಷಣ ಬೊಬ್ಬೆ ಹೊಡೆಯತ್ತೆ.

ರೇಡಿಯೋ ಒಳಗೆ ಉದ್ದಕ್ಕೆ ಒಂದು ಫೆರೈಟ್ (ಕಪ್ಪು ಕಲ್ಲಿನ ಥರದ ಕಾಂತೀಯ ವಸ್ತು) ಕಡ್ಡಿ ಇರತ್ತೆ. ಆ ಕಡ್ಡಿಯ ತುದಿ ನಾಯ್ಸ್ ಕಡೆ ತಿರುಗಿದಾಗ ಸದ್ದು ತಟ್ಟನೆ ಬಿದ್ದೋಗತ್ತೆ. ಜೋರು ಇರೋ ದಿಕ್ಕು ಅಗಲ, ಸರಿಯಾಗಿ ಗೊತ್ತಾಗಲ್ಲ, ಈ ಬೀಳೋ ದಿಕ್ಕು ಮಾತ್ರ ಚೂಪು, ಅದನ್ನೇ ನಂಬಿ. ಬಯಲಲ್ಲಿ ಎರಡು ಜಾಗದಿಂದ ಆ ದಿಕ್ಕು ನೋಡಿ ಮ್ಯಾಪ್ ಮೇಲೆ ಗೆರೆ ಎಳೆದ್ರೆ ಎರಡು ಗೆರೆ ಕೂಡೋ ಕಡೆ ಇರತ್ತೆ ಮನೆ. ಮನೆ ಒಳಗೆ ಈ ಆಟ ನಡಿಯಲ್ಲ, ಗೋಡೆ ವೈರಿಂಗೇ ಆಂಟೆನಾ ಥರ ಸುತ್ತ ಎಲ್ಲಾ ಕಡೆಯಿಂದ ಹೊಡೆಯತ್ತೆ, ಅಲ್ಲಿ ಬರೀ ಜೋರು ಕಮ್ಮಿ ನೋಡ್ಕೊಂಡು ಹೋಗ್ಬೇಕು.

ಎಚ್ಚರಿಕೆ ಒಂದು, ಮೀಡಿಯಂ ವೇವಲ್ಲಿ ಗಲಾಟೆ ಮಾಡೋದೆಲ್ಲಾ 7 ಮೆಗಾಹರ್ಟ್ಸಲ್ಲೂ ಮಾಡ್ಬೇಕು ಅಂತಿಲ್ಲ. ಪತ್ತೆ ಆಯ್ತು ಅನ್ಸಿದ್ರೆ ಒಬ್ರು ರಿಗ್ ಹತ್ರ ಕೂತು ಇನ್ನೊಬ್ರು ಆ ಸಾಮಾನು ಆಫ್ ಆನ್ ಮಾಡಿ, ಫೋನಲ್ಲಿ ಮಾತಾಡ್ತಾ ಖಾತ್ರಿ ಮಾಡ್ಕೊಳ್ಳಿ.

ಕಂಬದ ಮೇಲಿನ ಕಿಡಿ

ಮೇನ್ ಆಫ್ ಮಾಡಿದ್ರೂ ಗರಗರ ಕದಲದೇ ಇದ್ರೆ ಲೈನಿನ ಕಡೆ ನೋಡಿ. ಇದಕ್ಕೊಂದು ಚಂದದ ಲಕ್ಷಣ ಇದೆ, ಒಣ ಹವೆ ಗಾಳಿ ಇದ್ದಾಗ ಜೋರು, ಮಳೆ ಬಿದ್ರೆ ಮಾಯ. ಲೂಸ್ ಆದ ಬೋಲ್ಟು, ಪಿನ್ ಇನ್ಸುಲೇಟರ್‌ಗೆ ಕಟ್ಟಿದ ತಂತಿ, ತುಕ್ಕು ಹಿಡಿದ ಕ್ಲಾಂಪು, ಇವುಗಳ ನಡುವಿನ ಕೂದಲಿನಷ್ಟು ಸಂದಿಯಲ್ಲಿ ಕಿಡಿ ಹಾರ್ತಿರತ್ತೆ, ನೀರು ಬಿದ್ರೆ ಆ ಸಂದಿ ಮುಚ್ಚೋಗತ್ತೆ. ಯುಗಾದಿ ಆದ್ಮೇಲೆ ಮೊದಲ ಮಳೆ ಬಿದ್ದ ರಾತ್ರಿ ನನ್ನ ಬ್ಯಾಂಡು ಕನ್ನಡಿ ಥರ ಕ್ಲೀನ್ ಆಗೋಯ್ತು, ಎಲ್ಲಾ ಸರಿಹೋಯ್ತು ಅಂತ ಖುಷಿಪಟ್ಟೆ, ಮೂರನೇ ದಿನ ಬಿಸಿಲಿಗೆ ಒಣಗಿದ ಮೇಲೆ ವಾಪಸ್ ಬಂತು. ಆಗಲೇ ಗೊತ್ತಾಗಿದ್ದು ಇದು ಕಂಬದ್ದು ಅಂತ.

ಹುಡುಕೋ ಕ್ರಮ ಏನಪ್ಪಾ ಅಂದ್ರೆ ಹತ್ರ ಹೋದ ಹಾಗೆ ಫ್ರೀಕ್ವೆನ್ಸಿ ಏರಿಸ್ತಾ ಹೋಗೋದು. ಕೆಳಗಿನ ಫ್ರೀಕ್ವೆನ್ಸಿ ತಂತಿ ಹಿಡ್ಕೊಂಡು ಕಿಲೋಮೀಟರ್‌ಗಟ್ಲೆ ಹರೀತದೆ, ಪಾಕೆಟ್ ರೇಡಿಯೋದಲ್ಲಿ ಬೀದಿ ಪೂರ್ತಿ ಒಂದೇ ಥರ ಕೇಳತ್ತೆ. 130 ಮೆಗಾಹರ್ಟ್ಸ್ ಮೇಲೆ ಹೋದ್ರೆ ಅದೇ ಕಿಡಿ ನಾಲ್ಕೈದು ಕಂಬದ ಆಚೆ ಸತ್ತೋಗಿರತ್ತೆ. ಎಎಂ ರಿಸೀವ್ ಇರೋ ಹ್ಯಾಂಡಿ (ಕೈಲಿ ಹಿಡಿಯೋ ವಾಕಿಟಾಕಿ) ಬೇಕು, ಎಫ್‌ಎಂ ಮೋಡ್ ಕಿಡಿ ಸದ್ದನ್ನ ಮುಚ್ಚಿಹಾಕತ್ತೆ. ಮಾತಿಲ್ಲದ ಖಾಲಿ ಜಾಗಕ್ಕೆ ಟ್ಯೂನ್ ಮಾಡಿ, ಅದು ವಿಮಾನದವ್ರ ಬ್ಯಾಂಡು, ಬರೀ ಕೇಳೋದು, ಮಾತಾಡೋ ಬಟನ್ (ಪಿಟಿಟಿ) ಅಪ್ಪಿತಪ್ಪಿಯೂ ಒತ್ತಬಾರ್ದು, ಲಾಕ್ ಹಾಕಿಡಿ. ಅಳತೆ ಟೇಪಲ್ಲಿ ಮಾಡಿದ ಮೂರು ಎಲಿಮೆಂಟಿನ ಯಾಗಿ (ಒಂದೇ ದಿಕ್ಕಿಂದ ಜೋರಾಗಿ ಕೇಳೋ ಆಂಟೆನಾ) ಇದ್ರೆ ಬೇಗ ಸಿಗತ್ತೆ. ಸಿಗ್ನಲ್ ಜಾಸ್ತಿ ಆಗಿ ದಿಕ್ಕೇ ಗೊತ್ತಾಗ್ದಿದ್ರೆ ಸಿಗ್ನಲ್ ಕುಗ್ಗಿಸೋ ಅಟೆನ್ಯುಯೇಟರ್ ಹಾಕಿ, ಅದೂ ಇಲ್ಲಾಂದ್ರೆ ಹ್ಯಾಂಡಿಯನ್ನ ಎದೆಗೆ ಒತ್ತಿ ಹಿಡ್ಕೊಂಡು ನಿಂತಲ್ಲೇ ನಿಧಾನಕ್ಕೆ ಸುತ್ತಿ, ಸದ್ದು ಕಮ್ಮಿ ಆದಾಗ ಕಳ್ಳ ನಿಮ್ಮ ಬೆನ್ನ ಹಿಂದೆ ಇರ್ತಾನೆ.

ಕಂಬ ಸಿಕ್ಕಿದ್ಮೇಲೆ ಅದನ್ನ ಒದೆಯೋದು, ಗೈ ವೈರ್ ಅಲ್ಲಾಡ್ಸೋದು ಮಾಡ್ಲೇಬೇಡಿ. ಕೆಲವು ಹಳೇ ಹ್ಯಾಮ್‌ಗಳು ಇದನ್ನ ದೊಡ್ಡ ವಿದ್ಯೆ ಥರ ಹೇಳಿಕೊಡ್ತಾರೆ, 11 ಕೆವಿ ಲೈನ್ ತಲೆ ಮೇಲೆ ಇದೆ, ಇನ್ಸುಲೇಟರ್ ಮೊದ್ಲೇ ಲೂಸ್ ಇದೆ, ತಲೆ ಮೇಲೇ ಬಿದ್ರೆ? ಕಂಬದ ಅಥವಾ ಹತ್ರದ ಟ್ರಾನ್ಸ್‌ಫಾರ್ಮರ್ ನಂಬರ್ ಬರ್ಕೊಂಡು, ಫೋಟೋ ತೆಗೆದು ಕರೆಂಟ್ ಕಂಪನಿಯ 1912ಕ್ಕೆ ಫೋನ್ ಮಾಡಿ. ಅಲ್ಲಿ ರೇಡಿಯೋ ಇಂಟರ್‌ಫಿಯರೆನ್ಸ್ ಅಂತ ಶುರು ಮಾಡಿದ್ರೆ ಕೇಬಲ್ ಟಿವಿಯವ್ರಿಗೆ ಹೇಳಿ ಅಂತಾರೆ, ಅನುಭವದ ಮಾತು. ಕಂಬದ ಮೇಲೆ ಲೂಸ್ ಕನೆಕ್ಷನ್ ಇದೆ ಸ್ಪಾರ್ಕ್ ಆಗ್ತಿದೆ ಅಂತ ಹೇಳಿ, ಅದು ನಿಜವೂ ಹೌದು. ಲೈನ್‌ಮ್ಯಾನ್ ಬಂದಾಗ ಪಕ್ಕದಲ್ಲಿ ನಿಂತು ಹ್ಯಾಂಡಿಯಲ್ಲಿ ಸದ್ದು ಕೇಳ್ಸಿ. ನಮ್ಮಲ್ಲಿಗೆ ಬಂದವ್ರು ಮೊದ್ಲು ನಕ್ರು, ಲೈನ್ ಆಫ್ ಮಾಡಿಸಿ ಮೇಲೆ ಹತ್ತಿ ಒಂದು ಕ್ಲಾಂಪ್ ಟೈಟ್ ಮಾಡಿ ಇಳಿದು, ಲೈನಿಗೆ ಮತ್ತೆ ಕರೆಂಟ್ ಬಂದ್ಮೇಲೆ ನನ್ನ ಹ್ಯಾಂಡಿ ಸೈಲೆಂಟ್ ಆಗಿದ್ದು ಕೇಳಿ, ಇನ್ನೊಂದು ಕಂಬ ನೋಡೋಣ್ವಾ ಸಾರ್ ಅಂದ್ರು.

ಮೂಲ ಸಿಕ್ಕಿಯೂ ಯಾರೂ ಸರಿ ಮಾಡ್ತಿಲ್ಲ ಅಂದ್ರೆ ಟೆಲಿಕಾಂ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ಆರ್ಗನೈಸೇಷನ್ ಇದೆ, ಲೈಸೆನ್ಸ್ ವಿವರ, ನಿಮ್ಮ ನೋಟ್‌ಬುಕ್ಕಿನ ದಾಖಲೆ ಸಮೇತ ಬರೀಬೋದು. ಆ ನೋಟ್‌ಬುಕ್ ಇಲ್ದೆ ಬರೆದ ದೂರು ಬರೀ ಗೊಣಗಾಟ ಆಗತ್ತೆ.

ಪಕ್ಕದ ಮನೆಯವ್ರ ಹತ್ರ

ಇದು ಟೆಕ್ನಿಕಲ್ ಕೆಲಸ ಅಲ್ಲ. ನಿಮ್ಮ ಛಾವಣಿ ಮೇಲಿನ ತಂತಿ ನೋಡಿ ಅವ್ರು ಆಗಲೇ ರೇಡಿಯೇಷನ್ ಅಂತ ಗುಸುಗುಸು ಮಾಡಿರ್ತಾರೆ, ನೀವು ಹೋಗಿ ನಿಮ್ಮ ಅಡಾಪ್ಟರ್ ಸರಿ ಇಲ್ಲ ಅಂದ್ರೆ ಕಥೆ ಮುಗೀತು. ಪಾಕೆಟ್ ರೇಡಿಯೋ ತಗೊಂಡು ಹೋಗಿ, ಸದ್ದು ಅವ್ರ ಕಿವಿಗೇ ಕೇಳ್ಸಿ, ಈ ಚಾರ್ಜರ್ ಜಾಗಕ್ಕೆ ನಾನೇ ಒಂದು ಒಳ್ಳೇದು ತಂದಿದೀನಿ ಹಾಕಿ ನೋಡೋಣ್ವಾ ಅನ್ನಿ. ನಾನು ಹಿಂದಿನ ಮನೆಯ ಆಂಟಿಗೆ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜರಿನ ವೈರಿಗೆ ಫೆರೈಟ್ ಸುತ್ತಿಕೊಟ್ಟೆ, ಅದಕ್ಕೆ ಅವ್ರು ಒಂದು ಡಬ್ಬ ಕೋಡುಬಳೆ ಕೊಟ್ರು. ಅವ್ರ ಸಾಮಾನನ್ನ ಬಿಚ್ಚೋದು ಮಾತ್ರ ಬೇಡ, ನಾಳೆ ಅದು ಕೆಟ್ರೆ ನಿಮ್ ಮೇಲೇ ಬರತ್ತೆ.

ಸಿಕ್ಕಿದ್ದನ್ನ ಸುಮ್ಮನಾಗಿಸೋದು

ಮೊದಲ ಆಯ್ಕೆ, ಬಿಸಾಕಿ. ನಿಜವಾಗ್ಲೂ. ಚಿಲ್ಲರೆ ಅಡಾಪ್ಟರಿಗೆ ಅದಕ್ಕಿಂತ ದುಬಾರಿ ಫೆರೈಟ್ ಸುತ್ತೋದು ಯಾಕೆ. ದೇವರಮನೆಗೆ ಹಳೇ ಕಾಲದ ಝೀರೋ ಬಲ್ಬ್ ಹಾಕಿದೆ, ಅಮ್ಮನಿಗೆ ಅದೇ ಇಷ್ಟ ಆಯ್ತು. ಸಣ್ಣ ಲೋಡಿಗೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಟ್ರಾನ್ಸ್‌ಫಾರ್ಮರ್, ಬ್ರಿಡ್ಜು, 7812 ರೆಗ್ಯುಲೇಟರ್ ತಂದು ಲೀನಿಯರ್ ಸಪ್ಲೈ ಮಾಡ್ಕೊಳ್ಳಿ, ಬಿಸಿ ಆಗತ್ತೆ ಭಾರ ಇರತ್ತೆ, ಆದ್ರೆ ಹೆಣದ ಥರ ಸೈಲೆಂಟು.

ಬಿಸಾಕೋಕಾಗದೇ ಇರೋದಕ್ಕೆ ಫೆರೈಟ್. ಟಿವಿ ಕೇಬಲ್ಲಲ್ಲಿ ಬರೋ ಕ್ಲಿಪ್ ಥರದ್ದು ಒಂದು ಸಿಕ್ಕಿಸಿ ಕೆಲಸ ಆಗ್ಲಿಲ್ಲ ಅಂತ ಬೈಕೊಳ್ಳೋರು ಜಾಸ್ತಿ. ತಂತಿ ಒಂದೇ ಸಲ ಒಳಗೆ ಹೋದ್ರೆ 7 ಮೆಗಾಹರ್ಟ್ಸಲ್ಲಿ ಸಿಗೋದು ಕೆಲವೇ ಹತ್ತು ಓಮ್ಸ್, ಏನೂ ಸಾಲಲ್ಲ. ಸುತ್ತು ಜಾಸ್ತಿ ಮಾಡಿದ್ರೆ ಇಂಪೀಡೆನ್ಸ್ (ನಾಯ್ಸ್‌ಗೆ ಒಡ್ಡೋ ತಡೆ) ಸುತ್ತಿನ ವರ್ಗದಷ್ಟು ಏರತ್ತೆ, ಮೂರು ಸುತ್ತಿಗೆ ಒಂಬತ್ತು ಪಟ್ಟು. ಎಚ್‌ಎಫ್‌ಗೆ (3ರಿಂದ 30 ಮೆಗಾಹರ್ಟ್ಸ್) ಮಿಕ್ಸ್ 31 ಅನ್ನೋ ಫೆರೈಟಿನ ಟೊರಾಯ್ಡ್ ಬೇಕು, ಎಫ್‌ಟಿ 240-31 ಅಂತ ಕೇಳಿ, ಎರಡೂವರೆ ಇಂಚಿನ ಹತ್ರ ಇರೋ ಬಳೆ, ಅದರ ಮೇಲೆ ಹತ್ತು ಹನ್ನೆರಡು ಸುತ್ತು ಬಂದ್ರೆ ಕೆಲವು ಸಾವಿರ ಓಮ್ ಸಿಗತ್ತೆ. ವೈರು ತೂತಿನೊಳಗೆ ಒಂದ್ಸಲ ಹೋದ್ರೆ ಅದು ಒಂದು ಸುತ್ತು, ಹೊರಗಡೆ ಎಣಿಸ್ಬೇಡಿ. ಅಡಾಪ್ಟರಿನ 230 ವೋಲ್ಟ್ ಕಡೆಯ ಪೂರ್ತಿ ಕೇಬಲ್ಲು, ಡಿಸಿ ಕಡೆಯ ಕೇಬಲ್ಲು ಎರಡಕ್ಕೂ ಹಾಕಿ, ಸಾಮಾನಿಗೆ ಆದಷ್ಟು ಹತ್ರ. ಹಳೇ ಕಂಪ್ಯೂಟರ್ ಸಪ್ಲೈಯಿಂದ ಕಿತ್ತ ಹಳದಿ ಬಿಳಿ ಬಣ್ಣದ ಟೊರಾಯ್ಡ್ ಹಾಕ್ಬೇಡಿ, ಅದು ಫೆರೈಟ್ ಅಲ್ಲ, ಕಬ್ಬಿಣದ ಪುಡಿ, ಈ ಕೆಲಸಕ್ಕೆ ಬರಲ್ಲ.

ಅರ್ಥಿಂಗ್ ಬಗ್ಗೆ ಒಂದು ಮಾತು. ಗುಂಡಿ ತೋಡಿಸಿದ್ದಕ್ಕೆ ನನ್ನ ನಾಯ್ಸ್ ಇಳೀಲಿಲ್ಲ ಅಂದೆನಲ್ಲ, ಆದ್ರೂ ಮನೆಯ ಮೂರನೇ ಪಿನ್ ನಿಜವಾಗ್ಲೂ ಅರ್ಥಿಗೆ ಸೇರಿದ್ಯಾ ನೋಡಿಸಿ. ಲ್ಯಾಪ್‌ಟಾಪ್ ಮುಟ್ಟಿದ್ರೆ ಜುಮ್ ಅನ್ನತ್ತಲ್ಲ, ಅದು ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಬರೋದು. ಮೂರು ಪಿನ್ನಿನ ಸಪ್ಲೈನ ಅರ್ಥ್ ಇಲ್ದಿರೋ ಸಾಕೆಟ್‌ಗೆ ಹಾಕಿದ್ರೆ ಫಿಲ್ಟರ್‌ಗೆ ಕಸ ಸುರಿಯೋಕೆ ಜಾಗ ಇಲ್ಲ, ವಾಪಸ್ ವೈರಿಗೇ ಸುರಿಯತ್ತೆ, ಮುಟ್ಟಿದ್ರೆ ಶಾಕ್ ಬೇರೆ.

ಆಂಟೆನಾ ಕಡೆ

ಮನೆಯೊಳಗಿನ ಕಸ ಕೋಆಕ್ಸಿನ ಹೊರಗಿನ ಜಾಲರಿ ಹಿಡ್ಕೊಂಡು ಮೇಲೆ ಹತ್ತಿ, ಆಂಟೆನಾ ಸೇರಿ, ಒಳಗಿನ ತಂತಿಯಲ್ಲಿ ಸಿಗ್ನಲ್ ವೇಷ ಹಾಕ್ಕೊಂಡು ಕೆಳಗೆ ಬರತ್ತೆ. ಅದಕ್ಕೆ ಡೈಪೋಲಿನ ಮಧ್ಯದಲ್ಲಿ ಒಂದು ಚೋಕು (ಜಾಲರಿ ಮೇಲಿನ ಕಸ ತಡೆಯೋ ಸುರುಳಿ), ಕೋಆಕ್ಸ್ ಮನೆಯೊಳಗೆ ಬರೋ ಜಾಗದಲ್ಲಿ ಇನ್ನೊಂದು. ಅದೇ 31ರ ಟೊರಾಯ್ಡ್ ಮೇಲೆ ಆರ್‌ಜಿ 58 ಹನ್ನೆರಡು ಸುತ್ತು ಅಂದ್ಕೊಳ್ಳಿ. ಎಂಡ್ ಫೆಡ್ (ಒಂದು ತುದಿಗೆ ಕೋಆಕ್ಸ್ ಸೇರಿಸೋ ಆಂಟೆನಾ) ಹಾಕಿರೋರಿಗೆ ಇದು ಇನ್ನೂ ಮುಖ್ಯ, ಅಲ್ಲಿ ಕೋಆಕ್ಸೇ ಆಂಟೆನಾದ ಅರ್ಧ. ಬರೀ ಈ ಎರಡು ಚೋಕಿಂದ ನನಗೆ ಎರಡು ಎಸ್ ಯೂನಿಟ್ ಇಳೀತು.

ಆಂಟೆನಾವನ್ನ ಮನೆಯಿಂದ ದೂರ ಎತ್ತರ ಒಯ್ಯೋಕಾದ್ರೆ ಒಯ್ರಿ, ಹತ್ತು ಮೀಟರ್ ದೂರ ಹೋದ್ರೂ ಲಾಭನೇ. ಜಾಗ ಇಲ್ದವ್ರು ಕೇಳೋಕೆ ಅಂತ ಬೇರೆ ಸಣ್ಣ ಲೂಪ್ ಇಟ್ಕೊಂಡು ಅದರ ಸದ್ದು ಬೀಳೋ ದಿಕ್ಕನ್ನ ಉಳಿದ ಕಳ್ಳನ ಕಡೆ ತಿರುಗಿಸ್ಬೋದು. ರಿಗ್‌ನ ನಾಯ್ಸ್ ಬ್ಲ್ಯಾಂಕರ್ ಕಿಡಿಗೆ, ಬೇಲಿ ಟಕ್ ಟಕ್‌ಗೆ ಒಳ್ಳೇದು, ಎಸ್‌ಎಂಪಿಎಸ್ ಗುಡ್ಡಕ್ಕೆ ಏನೂ ಮಾಡಲ್ಲ, ಮೇಲಾಗಿ ಪಕ್ಕದಲ್ಲಿ ಜೋರು ಸಿಗ್ನಲ್ ಇದ್ರೆ ಬ್ಯಾಂಡೆಲ್ಲಾ ಕಲಸಿಹಾಕತ್ತೆ.

ಈಗ ನನ್ನ ಮೀಟರ್ ಬೆಳಗ್ಗೆ ಎಸ್3ರ ಹತ್ರ ಕೂರತ್ತೆ. ಉಳಿದಿರೋದು ಎದುರಿನ ಅಪಾರ್ಟ್‌ಮೆಂಟಿನ ಲಿಫ್ಟು, ಅದರ ಮೋಟಾರ್ ಡ್ರೈವ್ ಲಿಫ್ಟ್ ಓಡೋವಾಗ ಮಾತ್ರ ಎಸ್7ಕ್ಕೆ ಎತ್ತತ್ತೆ, ಅಸೋಸಿಯೇಷನ್‌ನವ್ರ ಹತ್ರ ಮಾತು ನಡೀತಿದೆ. ಅಲ್ಲೀವರ್ಗೂ ಬೆಳಗಿನ ನೆಟ್ಟಲ್ಲಿ, ಅಂದ್ರೆ ರೇಡಿಯೋದಲ್ಲಿ ಸರದಿಯಂತೆ ಮಾತಾಡೋ ಕೂಟದಲ್ಲಿ, ನನ್ನ ಟರ್ನ್ ಬಂದಾಗ ಸ್ಟ್ಯಾಂಡ್ ಬೈ, ಲಿಫ್ಟ್ ಹೋಗ್ತಿದೆ ಅಂತೀನಿ, ಶಿವಮೊಗ್ಗದವ್ರು ಎಷ್ಟನೇ ಫ್ಲೋರು ಅಂತ ಕೇಳ್ತಾರೆ.